ಕಾಣೆಯಾದ ಕ್ಯಾಲ್ಸಿಯಂ: ಭೋಸರಿಯ ಒಂದು ಕೂಲಿಂಗ್ ಟವರಿನ ಬೇಸಿಗೆ

ಏಪ್ರಿಲ್ ಎರಡನೇ ವಾರದಿಂದ ಏಳನೇ ನಂಬರಿನ ಪ್ಲಾಸ್ಟಿಕ್ ಮೋಲ್ಡಿಂಗ್ ಮಷಿನ್ ದಿನಾ ಮಧ್ಯಾಹ್ನ ಮೂರರ ಸುಮಾರಿಗೆ ನಿಲ್ಲತೊಡಗಿತು. ಹೈಡ್ರಾಲಿಕ್ ಆಯಿಲ್ 45 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕಾದದ್ದು 60 ದಾಟಿ ಅಲಾರಂ ಹೊಡೆಯುತ್ತಿತ್ತು. ಅರ್ಧ ತಾಸು ಬಿಟ್ಟು ಚಾಲೂ ಮಾಡಿದರೆ ಸಂಜೆಯ ತನಕ ಹೇಗೋ ಓಡುತ್ತಿತ್ತು. ಅದೇ ವಾರ ಚಿಲ್ಲರ್ (ನೀರನ್ನು ಇನ್ನಷ್ಟು ತಣಿಸುವ ಯಂತ್ರ) ಎರಡು ಸಲ ಹೈ ಪ್ರೆಷರ್‌ಗೆ ಟ್ರಿಪ್ ಆಯಿತು. ಪ್ರೊಡಕ್ಷನ್‌ನವರು ತಮ್ಮ ರಿಜಿಸ್ಟರ್ ತಂದು ತೋರಿಸಿದರು: 38 ಸೆಕೆಂಡಿಗೆ ಒಂದರಂತೆ ಬೀಳುತ್ತಿದ್ದ ಪೀಸು ಈಗ 46 ಸೆಕೆಂಡು ಹಿಡಿಯುತ್ತಿದೆ, ಅಷ್ಟಾದರೂ ಅಂಚು ಸೊಟ್ಟಗಾಗಿ ರಿಜೆಕ್ಟ್ ಆಗುತ್ತಿದೆ.

ನಮ್ಮದು ಪುಣೆಯ ಭೋಸರಿ ಎಂಐಡಿಸಿ (ಮಹಾರಾಷ್ಟ್ರ ಸರಕಾರದ ಕೈಗಾರಿಕಾ ಪ್ರದೇಶ) ಒಳಗಿನ ಪ್ಲಾಸ್ಟಿಕ್ ಇಂಜೆಕ್ಷನ್ ಮೋಲ್ಡಿಂಗ್ ಕಾರ್ಖಾನೆ. 14 ಮಷಿನುಗಳು, ಮಷಿನುಗಳಿಂದ ಬಿಸಿಯಾಗಿ ಬಂದ ನೀರನ್ನು ಗಾಳಿಗೆ ಚಿಮುಕಿಸಿ ತಣಿಸುವ 100 ಟನ್ನಿನ ಒಂದು ಕೂಲಿಂಗ್ ಟವರ್, ಒಂದು ಚಿಲ್ಲರ್. ಮೇಂಟೆನೆನ್ಸಿನ ಆರು ಜನರಲ್ಲಿ ನಾಲ್ವರು ಕನ್ನಡದವರು, ಇಂಡಿ, ಆಳಂದ, ಅಫಜಲಪುರದ ಕಡೆಯವರು. ನಾನೂ ವಿಜಯಪುರ ಜಿಲ್ಲೆಯವನೇ. ಚಾಕಣ್‌ನಿಂದ ಕುರಕುಂಭದವರೆಗೆ ಯಾವ ಕಾರ್ಖಾನೆಯ ಪಂಪ್ ರೂಮಿಗೆ ಹೋದರೂ ನಮ್ಮ ಕಡೆಯವರು ಒಬ್ಬರಾದರೂ ಸಿಗುತ್ತಾರೆ. ಕೆಮಿಕಲ್ ಕಂಪನಿಯ ರಿಪೋರ್ಟು ಇಂಗ್ಲಿಷಿನಲ್ಲಿ ಬರುತ್ತದೆ, ಶಾಪಿನ ಮಾತು ಮರಾಠಿ–ಹಿಂದಿಯಲ್ಲಿ ನಡೆಯುತ್ತದೆ, ಲೆಕ್ಕ ಮಾತ್ರ ತಲೆಯೊಳಗೆ ಕನ್ನಡದಲ್ಲಿ ಓಡುತ್ತದೆ. ಆ ಲೆಕ್ಕವನ್ನು ಕನ್ನಡದಲ್ಲೇ ಬರೆದಿಡಬೇಕೆನಿಸಿತು.

ಮೊದಲ ಹತ್ತು ದಿನ ನಾವು ತಪ್ಪು ಜಾಗದಲ್ಲಿ ಹುಡುಕಿದೆವು. ಬೇಸಿಗೆ ಜೋರಾಗಿದೆ, ಟವರ್ ಸಾಲದಾಗಿದೆ ಎಂದರು ಒಬ್ಬರು. ಫ್ಯಾನಿನ ಬೆಲ್ಟ್ ಬದಲಿಸಿದೆವು, ನೀರು ಚಿಮುಕಿಸುವ ನಾಝಲ್ ಬಿಚ್ಚಿ ತೊಳೆದೆವು, ಪಂಪಿನ ಪ್ರೆಷರ್ ನೋಡಿದೆವು. ಪ್ರೆಷರ್ ಕಡಿಮೆ ಆಗಿರಲಿಲ್ಲ, ಮೊದಲಿಗಿಂತ ಅರ್ಧ ಕೆಜಿ ಹೆಚ್ಚೇ ಇತ್ತು. ಪಂಪ್ ಚೆನ್ನಾಗಿದೆ ಎಂದು ಸಮಾಧಾನಪಟ್ಟೆವು. ಆ ಅರ್ಧ ಕೆಜಿಯ ಅರ್ಥ ಅಂದೇ ಹೊಳೆಯಬೇಕಿತ್ತು: ಮುಂದೆ ದಾರಿ ಕಟ್ಟಿಕೊಳ್ಳುತ್ತಿದ್ದುದರಿಂದ ಪಂಪ್ ಹೆಚ್ಚು ಒತ್ತುತ್ತಿತ್ತು. ಟವರಿನಿಂದ ಹೊರಡುವ ನೀರಿನ ಉಷ್ಣತೆ ಅಳೆದರೆ ಅದೂ ಸರಿಯಾಗಿತ್ತು. ನೀರು ತಣ್ಣಗಿದೆ, ಆಯಿಲ್ ಬಿಸಿಯಾಗಿದೆ. ಹಾಗಾದರೆ ನಡುವೆ ಯಾವುದೋ ಗೋಡೆ ಎದ್ದಿದೆ.

ನಮ್ಮ ಭಾಗದ ಎಂಐಡಿಸಿಗಳಿಗೆ ಗುರುವಾರ ವಾರದ ರಜೆ. ಆ ಗುರುವಾರ ಏಳನೇ ಮಷಿನಿನ ಆಯಿಲ್ ಕೂಲರ್ (ಟವರಿನ ನೀರು ಆಯಿಲ್ ತಣಿಸುವ ಭಾಗ) ಇಳಿಸಿ ಮುಚ್ಚಳ ಬಿಚ್ಚಿದೆವು. ತಾಮ್ರದ ನಳಿಕೆಗಳ ಒಳಗೆಲ್ಲ ಬೂದು ಬಣ್ಣದ ಒರಟು ಪದರ. ಕೆಲವು ನಳಿಕೆಯೊಳಗೆ ಪೆನ್ಸಿಲ್ ಕೂಡ ಹೋಗಲಿಲ್ಲ. ಸ್ಕ್ರೂ ಡ್ರೈವರಿನಿಂದ ಕೆರೆದರೆ ಮೊಟ್ಟೆಯ ಚಿಪ್ಪಿನಂತೆ ಎದ್ದು ಬಂತು.

ನಮ್ಮ ಹಿರಿಯ ಫಿಟ್ಟರ್ ಆಳಂದದವರು. ನಾವೆಲ್ಲ ಅವರಿಗೆ ಕಾಕಾ ಎನ್ನುತ್ತೇವೆ. ಅವರು ಆ ಚೂರನ್ನು ಸ್ಟೀಲ್ ಬಟ್ಟಲಿಗೆ ಹಾಕಿ, ಕ್ಯಾಂಟೀನಿನಿಂದ ತರಿಸಿದ ಲಿಂಬೆಹಣ್ಣು ಹಿಂಡಿದರು. ಸುರ್ರೆಂದು ಗುಳ್ಳೆ ಎದ್ದವು.

"ಸುಣ್ಣ ಅದ ರೀ ಸಾಹೇಬ್ರ. ನಮ್ಮೂರಾಗ ಹಂಡೇದ ತಳಕ್ಕ ಕಟ್ತದಲ್ಲ, ಅದೇ."

ಇದು ನಿಜವಾದ ಪರೀಕ್ಷೆಯೇ. ಆಮ್ಲ ಬಿದ್ದಾಗ ಗುಳ್ಳೆ ಎದ್ದರೆ ಅದು ಕಾರ್ಬನೇಟ್; ಹೊರಬರುವುದು ಇಂಗಾಲದ ಡೈಆಕ್ಸೈಡ್. ಕರಗದೆ ಉಳಿದದ್ದು ಮಣ್ಣು ಇಲ್ಲವೇ ಸಿಲಿಕಾ. ನಮ್ಮ ಬಟ್ಟಲಿನ ತಳದಲ್ಲಿ ಒಂದು ಚಿಟಿಕೆ ಕಂದು ಕೆಸರು ಮಾತ್ರ ಉಳಿಯಿತು. ಅದು ನಮ್ಮ ಪುಣ್ಯ. ದಖ್ಖನ್ನಿನ ಕರಿಕಲ್ಲಿನ ಬೋರ್ ನೀರಿನಲ್ಲಿ ಸಿಲಿಕಾ ಕೂಡ ಇರುತ್ತದೆ; ಅದು ಗಾಜಿನಂತೆ ಕಟ್ಟಿಬಿಟ್ಟರೆ ಸಾಧಾರಣ ಆಮ್ಲಕ್ಕೆ ಜಗ್ಗುವುದಿಲ್ಲ.

ಸುಣ್ಣ ಎಲ್ಲಿಂದ ಬಂತು

ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬನೇಟ್ ಆಗಿ ಕರಗಿಕೊಂಡಿರುತ್ತದೆ. ನೀರು ಬಿಸಿಯಾದಾಗ ಅದು ಒಡೆದು ಕಾರ್ಬನೇಟ್ ಆಗುತ್ತದೆ. ಸಕ್ಕರೆ, ಉಪ್ಪು ಬಿಸಿನೀರಿನಲ್ಲಿ ಹೆಚ್ಚು ಕರಗಿದರೆ, ಕ್ಯಾಲ್ಸಿಯಂ ಕಾರ್ಬನೇಟಿನದು ತಿರುಗಾಮುರುಗಾ: ಬಿಸಿ ಏರಿದಷ್ಟೂ ಕರಗುವುದು ಕಡಿಮೆ. ಆದ್ದರಿಂದ ಅದು ಎಲ್ಲೆಂದರಲ್ಲಿ ಕೂರುವುದಿಲ್ಲ. ಎಲ್ಲಿ ಗೋಡೆ ಅತಿ ಬಿಸಿಯೋ, ಎಲ್ಲಿ ತಂಪು ಅತಿ ಅಗತ್ಯವೋ, ಅಲ್ಲೇ ಹೋಗಿ ಕೂರುತ್ತದೆ: ಆಯಿಲ್ ಕೂಲರ್, ಚಿಲ್ಲರಿನ ಕಂಡೆನ್ಸರ್, ಪ್ಲಾಸ್ಟಿಕ್ಕಿಗೆ ಆಕಾರ ಕೊಡುವ ಅಚ್ಚಿನ, ಅಂದರೆ ಮೋಲ್ಡಿನ, ಒಳಗಿನ ನೀರಿನ ದಾರಿ.

ಟವರ್ ಇದಕ್ಕೆ ಎರಡು ರೀತಿಯಲ್ಲಿ ನೆರವಾಗುತ್ತದೆ. ನೀರನ್ನು ಗಾಳಿಯಲ್ಲಿ ಚಿಮುಕಿಸುವಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ. ನೀರು ಆವಿಯಾಗಿ ಹೋದಾಗ ಉಪ್ಪು, ಸುಣ್ಣ ಹಿಂದೆಯೇ ಉಳಿದು ದಟ್ಟವಾಗುತ್ತವೆ. ಆ ದಟ್ಟಣೆಯನ್ನು ತಡೆಯಲೆಂದೇ ಸ್ವಲ್ಪ ನೀರನ್ನು ಹೊರಗೆ ಬಿಡುತ್ತಿರಬೇಕು. ಅದೇ ಬ್ಲೋಡೌನ್.

ಈಗ ನಮ್ಮ ಲೆಕ್ಕ. ಗಂಟೆಗೆ 60 ಘನ ಮೀಟರ್ ನೀರು ತಿರುಗುತ್ತದೆ. ಬಿಸಿ ಮತ್ತು ತಣ್ಣನೆಯ ನೀರಿಗೆ 5 ಡಿಗ್ರಿ ಅಂತರ. ಎಲ್ಲರೂ ಬಳಸುವ ಸೂತ್ರವೊಂದಿದೆ: ತಿರುಗುವ ನೀರು, ಗುಣಿಲೆ ಡಿಗ್ರಿ ಅಂತರ, ಗುಣಿಲೆ 0.00153. ಅದರ ಪ್ರಕಾರ ಗಂಟೆಗೆ ಸುಮಾರು 460 ಲೀಟರ್ ಆವಿ. 20 ತಾಸು ಓಡಿದರೆ 9,200 ಲೀಟರ್, ಹೆಚ್ಚುಕಡಿಮೆ ಒಂದು ಟ್ಯಾಂಕರ್ ನೀರು ದಿನಾ ಆಕಾಶಕ್ಕೆ.

ವರ್ಷದ ಬಹುಕಾಲ ನಮಗೆ ಬರುವುದು ಪವನಾ ನದಿಯ ನೀರು, ತುಂಬ ಮೆದು. ಕ್ಯಾಲ್ಸಿಯಂ ಗಡಸುತನ ನಮ್ಮ ಅಳತೆಯಲ್ಲಿ 40 ಪಿಪಿಎಂ, ಅಂದರೆ ಲೀಟರಿಗೆ 40 ಮಿಲಿಗ್ರಾಂ. ಆ ನೀರಿಗೆ ದಿನಕ್ಕೆ 4,600 ಲೀಟರ್ ಬ್ಲೋಡೌನ್ ಇಟ್ಟಿದ್ದೆವು, ಅಂದರೆ ಒಳಗಿನ ನೀರು ಬರುವ ನೀರಿಗಿಂತ ಮೂರು ಪಟ್ಟು ದಟ್ಟ. ಯಾವ ತೊಂದರೆಯೂ ಇರಲಿಲ್ಲ. ಫೆಬ್ರವರಿ ಕೊನೆಗೆ ನೀರಿನ ಸರಬರಾಜು ಕಡಿಮೆಯಾಗಿ ಟ್ಯಾಂಕರ್ ತರಿಸತೊಡಗಿದೆವು. ಅದು ಹೊರವಲಯದ ಬೋರ್ ನೀರು.

ಇಲ್ಲಿ ನನ್ನ ತಪ್ಪನ್ನು ಬರೆಯಲೇಬೇಕು. ಟ್ಯಾಂಕರಿಗೆ ದುಡ್ಡು ಕೊಟ್ಟು ತರಿಸಿದ ನೀರು ಗಟಾರಕ್ಕೆ ಹರಿಯುವುದನ್ನು ಕಂಡು ಹೊಟ್ಟೆ ಉರಿಯಿತು. ಬ್ಲೋಡೌನ್ ವಾಲ್ವನ್ನು ಅರ್ಧ ಮುಚ್ಚಿಸಿದವನು ನಾನೇ. ದಿನಕ್ಕೆ 2,300 ಲೀಟರಿಗೆ ಇಳಿಸಿದೆ. ನೀರು ಗಡಸಾದಾಗ ಹೆಚ್ಚು ಬಿಡಬೇಕು. ನಾನು ಕಡಿಮೆ ಬಿಟ್ಟೆ. ಮೂರು ಪಟ್ಟಿದ್ದ ದಟ್ಟಣೆ ಐದು ಪಟ್ಟಾಯಿತು. ಕೆಮಿಕಲ್ ಡೋಸು ನದಿ ನೀರಿಗೆ ಹೊಂದಿಸಿದ್ದು ಹಾಗೇ ಮುಂದುವರಿಯಿತು. ನೀರು ಬದಲಾದದ್ದನ್ನು ಕೆಮಿಕಲ್ ಕೊಡುವವರಿಗೆ ನಾವು ಹೇಳಲೂ ಇಲ್ಲ, ಅವರು ಕೇಳಲೂ ಇಲ್ಲ.

ಆಯಿಲ್ ಕೂಲರ್ ಬಿಚ್ಚಿದ ಮರುದಿನ ಎರಡು ಬಾಟಲಿ ನೀರು ತುಂಬಿದೆವು, ಒಂದು ಟ್ಯಾಂಕರಿನದು, ಒಂದು ಟವರಿನ ತೊಟ್ಟಿಯದು. ಗಡಸುತನ ನೋಡುವ ಟೈಟ್ರೇಷನ್ ಕಷ್ಟದ್ದಲ್ಲ. 50 ಮಿ.ಲೀ. ನೀರಿಗೆ ಬಫರ್ ಹಾಕಿ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಪುಡಿ ಬೆರೆಸಿ, ಕೆಂಪು ನೀಲಿಗೆ ತಿರುಗುವವರೆಗೆ ಇಡಿಟಿಎ ದ್ರಾವಣ ಬಿಡುವುದು, 0.01 ಮೋಲಾರ್ ದ್ರಾವಣವಾದರೆ ಬ್ಯುರೆಟ್ಟಿನ ಮಿ.ಲೀ.ಯನ್ನು 20ರಿಂದ ಗುಣಿಸಿದರೆ ಪಿಪಿಎಂ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಸೇರಿದ ಒಟ್ಟು. ಬರೀ ಕ್ಯಾಲ್ಸಿಯಂ ಬೇಕಾದರೆ ಕಾಸ್ಟಿಕ್ ಹಾಕಿ ಪಿಎಚ್ 12ಕ್ಕೆ ಏರಿಸಿ, ಮ್ಯುರೆಕ್ಸೈಡ್ ಬಳಸಿ ಇನ್ನೊಮ್ಮೆ. ಮೊದಲ ಒಟ್ಟು ಅಂಕಿಯಿಂದ ಅದನ್ನು ಕಳೆದರೆ ಮೆಗ್ನೀಸಿಯಂ.

ಟ್ಯಾಂಕರ್ ನೀರಿನಲ್ಲಿ ಕ್ಲೋರೈಡ್ 110, ಮೆಗ್ನೀಸಿಯಂ ಗಡಸುತನ 180, ಕ್ಯಾಲ್ಸಿಯಂ ಗಡಸುತನ 340. ಟವರಿನ ನೀರಿನಲ್ಲಿ ಕ್ಲೋರೈಡ್ 550, ಸರಿಯಾಗಿ ಐದು ಪಟ್ಟು. ಮೆಗ್ನೀಸಿಯಂ 880, ಹೆಚ್ಚುಕಡಿಮೆ ಐದು ಪಟ್ಟೇ. ಕ್ಯಾಲ್ಸಿಯಂ ಕೂಡ ಐದು ಪಟ್ಟಾಗಿ 1,700 ಇರಬೇಕಿತ್ತು. ಇದ್ದದ್ದು 600.

ಈ ಪ್ರಕರಣದ ಗಂಟು ಬಿಚ್ಚಿದ್ದು ಇಲ್ಲಿ. ಕ್ಲೋರೈಡ್ ಎಲ್ಲಿಯೂ ಅಂಟಿಕೊಳ್ಳುವ ಜಾತಿಯದಲ್ಲ. ಒಳಗೆ ಬಂದಷ್ಟೂ ಬ್ಲೋಡೌನಿನಲ್ಲಿ ಹೊರಗೆ ಹೋಗುತ್ತದೆ. ಅದು ಐದು ಪಟ್ಟು ಎಂದರೆ ನೀರು ನಿಜಕ್ಕೂ ಐದು ಪಟ್ಟು ದಟ್ಟವಾಗಿದೆ. ಹಾಗಿರುವಾಗ ಕ್ಯಾಲ್ಸಿಯಂ ಎರಡು ಪಟ್ಟೂ ಇಲ್ಲ ಎಂದರೆ, ಲೀಟರಿಗೆ 1,100 ಮಿಲಿಗ್ರಾಂ ದಾರಿಯಲ್ಲೆಲ್ಲೋ ಇಳಿದುಕೊಂಡಿದೆ. ತೂಕ ಹಾಕಿದೆವು. ದಿನಕ್ಕೆ ಒಳಗೆ ಬರುವ ನೀರು 11,500 ಲೀಟರ್, ಅದರೊಂದಿಗೆ ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ 3.9 ಕೆಜಿ. ಹೊರಗೆ ಹೋಗುವುದು 2,300 ಲೀಟರಿನಲ್ಲಿ 1.4 ಕೆಜಿ. ಉಳಿದ ಎರಡೂವರೆ ಕೆಜಿ ದಿನಾ ನಮ್ಮ ಪೈಪು, ಕೂಲರು, ಮೋಲ್ಡುಗಳೊಳಗೆ. 60 ದಿನಕ್ಕೆ 150 ಕೆಜಿ, ಮೂರು ಚೀಲ ಸಿಮೆಂಟಿನಷ್ಟು. ಒಂದಿಷ್ಟು ತೊಟ್ಟಿಯ ತಳದಲ್ಲಿ ರಾಡಿಯಾಗಿ, ಒಂದಿಷ್ಟು ಟವರಿನ ಫಿಲ್ (ನೀರು ಹರಡಿಕೊಂಡು ಇಳಿಯುವ ಪದರುಗಳು) ಮೇಲೆ ಬಿಳಿ ಪುಡಿಯಾಗಿ ಕೂತಿತ್ತು. ಉಳಿದದ್ದು ಬಿಸಿ ಜಾಗಗಳಲ್ಲಿ.

ಪದರ ತೆಳುವಾದರೂ ಅದರ ಏಟು ದೊಡ್ಡದು. ಮೋಲ್ಡಿನ ಉಕ್ಕಿಗೆ ಹೋಲಿಸಿದರೆ ಸುಣ್ಣದ ಪದರದ ಮೂಲಕ ಶಾಖ ಹಾಯುವುದು ಹತ್ತು ಪಟ್ಟಿಗಿಂತಲೂ ಕಷ್ಟ. ಒಂದು ಮಿ.ಮೀ. ಸುಣ್ಣ ಕಟ್ಟಿದರೆ ಮೋಲ್ಡಿನ ಗೋಡೆ ಒಂದು ಸೆಂಟಿಮೀಟರ್‌ಗೂ ಮಿಕ್ಕಿ ದಪ್ಪವಾದ ಹಾಗೆ. 10 ಮಿ.ಮೀ. ದಾರಿ 8 ಆಗುತ್ತದೆ, ಹರಿಯುವ ಜಾಗ ಮೂರನೇ ಒಂದು ಪಾಲಿಗಿಂತ ಹೆಚ್ಚು ತಗ್ಗುತ್ತದೆ. ಹರಿವು ನಿಧಾನವಾದರೆ ಗೋಡೆ ಇನ್ನೂ ಬಿಸಿ, ಗೋಡೆ ಬಿಸಿಯಾದರೆ ಸುಣ್ಣ ಇನ್ನೂ ಬೇಗ. ಏಪ್ರಿಲ್‌ನಲ್ಲಿ ಎಲ್ಲ ಒಮ್ಮೆಲೇ ಕೈಮೀರಿದಂತೆ ಕಂಡದ್ದು ಅದಕ್ಕೇ.

ತೊಳೆದದ್ದು

ಎರಡು ಗುರುವಾರ, ಒಂದು ಪೂರ್ತಿ ರಾತ್ರಿ ಹಿಡಿಯಿತು. ಹೈಡ್ರೋಕ್ಲೋರಿಕ್ ಆಮ್ಲ ಅಗ್ಗ, ಬೇಗ ಕರಗಿಸುತ್ತದೆ. ಆದರೆ ಸ್ಟೇನ್‌ಲೆಸ್ ಸ್ಟೀಲ್ ಇರುವಲ್ಲಿ ಅದರ ಕ್ಲೋರೈಡ್ ಲೋಹವನ್ನೇ ತೂತು ಮಾಡುತ್ತದೆ. ನಮ್ಮ ಪೈಪ್‌ಲೈನಿನಲ್ಲಿ ಸ್ಟೇನ್‌ಲೆಸ್ ಭಾಗಗಳಿದ್ದುದರಿಂದ, ತುಕ್ಕು ತಡೆಯುವ ಇನ್ಹಿಬಿಟರ್ ಸೇರಿದ ಸಲ್ಫಾಮಿಕ್ ಆಮ್ಲದ ಪುಡಿ ತರಿಸಿದೆವು. ಒಂದು ಕೆಜಿ ಸುಣ್ಣಕ್ಕೆ ಲೆಕ್ಕದ ಪ್ರಕಾರ ಸುಮಾರು ಎರಡು ಕೆಜಿ ಪುಡಿ ಬೇಕು. ಒಂದು ಡ್ರಮ್ಮು, ಒಂದು ಸಣ್ಣ ಪಂಪು, ಎರಡು ಹೋಸು. ಗುಳ್ಳೆ ಏಳುವುದು ನಿಂತು, ಪಿಎಚ್ ಏರದೆ ಒಂದೇ ಕಡೆ ನಿಲ್ಲುವವರೆಗೆ ತಿರುಗಿಸುವುದು. ಆಮೇಲೆ ಸೋಡಾ ಆಶ್ ನೀರು, ಕೊನೆಗೆ ಬರಿಯ ನೀರು. ಡ್ರಮ್ಮಿನ ಬಾಯಿ ಯಾವತ್ತೂ ಬಿಗಿಯಾಗಿ ಮುಚ್ಚಬಾರದು, ಅನಿಲ ಹೊರಗೆ ಹೋಗಲು ದಾರಿ ಬೇಕು. ಇನ್ನೊಂದು ಮಾತನ್ನು ಪಂಪ್ ರೂಮಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ತಮ್ಮನಿಗೂ ಹೇಳುತ್ತೇನೆ: ಪಾಚಿಗೆಂದು ಇಟ್ಟಿರುವ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಡಬ್ಬಿ ಆ ಕೋಣೆಯಲ್ಲೇ ಇರುತ್ತದೆ. ಅದು ಆಮ್ಲಕ್ಕೆ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ, ಜೀವ ಹೋಗುತ್ತದೆ. ನಾವು ಕೆಲಸ ಶುರು ಮಾಡುವ ಮೊದಲು ಹೈಪೋವನ್ನು ಗೇಟಿನ ಹತ್ತಿರದ ಶೆಡ್ಡಿಗೆ ಸಾಗಿಸಿದೆವು.

ಎಲ್ಲವೂ ಸುಸೂತ್ರವಾಗಲಿಲ್ಲ. ಮೂರನೇ ಮಷಿನಿನ ಆಯಿಲ್ ಕೂಲರ್ ತೊಳೆದು ಕೂರಿಸಿದ ಮರುದಿನ ಆಯಿಲ್ ಹಾಲಿನಂತೆ ಬೆಳ್ಳಗಾಯಿತು. ನಳಿಕೆಯಲ್ಲಿ ಮೊದಲೇ ಬಿದ್ದಿದ್ದ ಸೂಜಿಮೊನೆಯಷ್ಟು ತೂತನ್ನು ಸುಣ್ಣವೇ ಮುಚ್ಚಿಟ್ಟಿತ್ತು. ಸುಣ್ಣ ಹೋದಾಗ ನೀರು ಆಯಿಲ್ಲಿಗೆ ಸೇರಿತು. 200 ಲೀಟರ್ ಆಯಿಲ್ ಚೆಲ್ಲಬೇಕಾಯಿತು. ತೊಳೆದ ಮೇಲೆ ಪ್ರೆಷರ್ ಟೆಸ್ಟ್ ಮಾಡದೆ ಕೂರಿಸಿದ್ದಕ್ಕೆ ತೆತ್ತ ದಂಡ ಅದು; ಉಳಿದ ಎಲ್ಲವನ್ನೂ ಟೆಸ್ಟ್ ಮಾಡಿಯೇ ಹಾಕಿದೆವು. ಒಂದು ಹಳೆಯ ಮೋಲ್ಡಿನಲ್ಲಿ ದಾರಿ ಪೂರ್ತಿ ಕಟ್ಟಿತ್ತು. ಹರಿಯಲು ಜಾಗವೇ ಇಲ್ಲದಿದ್ದರೆ ಆಮ್ಲ ಒಳಗೆ ಹೋಗುವುದಾದರೂ ಹೇಗೆ? ಅದನ್ನು ಟೂಲ್ ರೂಮಿಗೆ ಕಳಿಸಿ ಡ್ರಿಲ್ ಹೊಡೆಸಿದೆವು.

ಮತ್ತೆ ಕಟ್ಟದಂತೆ ಮಾಡಿದ್ದು

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ಉಪಾಯ ಕಾಕಾ ಅವರದು. ಸಂಜೆ ಚಹಾ ಕುಡಿಯುವಾಗ ಅವರು ನನಗೆ ಸಾಹೇಬ್ರ ಅನ್ನುವುದಿಲ್ಲ, ತಮ್ಮಾ ಅನ್ನುತ್ತಾರೆ.

"ತಮ್ಮಾ, ಒಂದ್ ಮಾತ್ ಹೇಳ್ತೀನಿ. ನದಿ ನೀರ ಬರೋದು ಪೂರಾ ಬಂದ್ ಆಗಿಲ್ಲ. ಅದು ಎಲ್ಲಿ ಹೊಂಟದ? ಸಂಡಾಸಕ್ಕ, ಗಿಡಕ್ಕ, ಫರ್ಶಿ ತೊಳ್ಯಾಕ. ಬೋರಿನ ಸವುಳ ನೀರು ಮಷಿನಿಗಿ ಕುಡಸ್ಲಾಕತ್ತೀವಿ. ಉಲ್ಟಾ ಆಗ್ಯದಲ್ಲ?"

ನಿಜವಾಗಿತ್ತು. ನದಿ ನೀರಿನ ಲೈನು ಹಿಂದಿನಿಂದಲೂ ಮೇಲಿನ ಟಾಕಿಗೆ ಹೋಗುತ್ತಿತ್ತು, ಟ್ಯಾಂಕರ್ ನೆಲದ ಟಾಕಿಗೆ ಖಾಲಿಯಾಗುತ್ತಿತ್ತು, ಟವರಿಗೆ ನೆಲದ ಟಾಕಿಯೇ ಹತ್ತಿರ. ಯಾರೂ ಯೋಚಿಸಿ ಮಾಡಿದ್ದಲ್ಲ. ಕುಡಿಯುವ ನೀರು, ಕ್ಯಾಂಟೀನು ಬಿಟ್ಟು ಉಳಿದ ನದಿ ನೀರೆಲ್ಲ ಟವರಿಗೆ, ಬೋರ್ ನೀರು ಸಂಡಾಸಿಗೆ ಎಂದು ಪೈಪ್ ಬದಲಿಸಿದೆವು. ದಿನಕ್ಕೆ ಐದಾರು ಸಾವಿರ ಲೀಟರ್ ಮೆದು ನೀರು ಟವರಿಗೆ ಸಿಕ್ಕಿತು. ಖರ್ಚಾದದ್ದು ಎರಡು ವಾಲ್ವು, ನಲವತ್ತು ಅಡಿ ಪೈಪು.

ಉಳಿದ ಆರು ಸಾವಿರ ಲೀಟರಿಗೆ ಗಡಸುತನ ತೆಗೆಯುವ ಸಾಫ್ಟ್‌ನರ್ ಹಾಕಿದೆವು. ಒಟ್ಟು ಗಡಸುತನ 520ರಂತೆ ದಿನಕ್ಕೆ 3.1 ಕೆಜಿ ತೆಗೆಯಬೇಕು. ಅದರೊಳಗಿನ ರೆಸಿನ್ ಹರಳು ಲೀಟರಿಗೆ ಸುಮಾರು 50 ಗ್ರಾಂ ಹಿಡಿಯುತ್ತದೆಂದು ಲೆಕ್ಕ ಹಾಕಿ 75 ಲೀಟರಿನದು ತಂದೆವು. ರೆಸಿನ್ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ, ದಿನಕ್ಕೊಮ್ಮೆ ಹತ್ತು ಕೆಜಿ ಉಪ್ಪಿನ ನೀರು ಹಾಯಿಸಿದರೆ ಮತ್ತೆ ತಯಾರು. ಆ ಉಪ್ಪುನೀರನ್ನು ಗಿಡಕ್ಕೆ, ಗಟಾರಕ್ಕೆ ಬಿಡುವಂತಿಲ್ಲ, ಕಾರ್ಖಾನೆಯ ತ್ಯಾಜ್ಯ ನೀರಿನ ಲೆಕ್ಕಕ್ಕೆ ಸೇರಿಸಬೇಕು. ಸಾಫ್ಟ್‌ನರ್ ಬೈಕಾರ್ಬನೇಟನ್ನು ತೆಗೆಯುವುದಿಲ್ಲ ಎಂಬುದನ್ನೂ ಹಲವರು ಮರೆಯುತ್ತಾರೆ: ಪಿಎಚ್ ಏರುವುದು ಏರುತ್ತಲೇ ಇರುತ್ತದೆ, ಕಟ್ಟಲು ಕ್ಯಾಲ್ಸಿಯಂ ಮಾತ್ರ ಕಡಿಮೆ ಸಿಗುತ್ತದೆ. ಉಳಿದದ್ದಕ್ಕೆ ಆಂಟಿಸ್ಕೇಲಂಟ್, ಅಂದರೆ ಸುಣ್ಣ ಕಟ್ಟದಂತೆ ತಡೆಯುವ ಕೆಮಿಕಲ್, ಬೇಕೇ ಬೇಕು. ಫಾಸ್ಫೊನೇಟ್ ಮತ್ತು ಪಾಲಿಮರ್ ಸೇರಿದ ಈ ಕೆಮಿಕಲ್ ಕೆಲವೇ ಪಿಪಿಎಂ ಇದ್ದರೂ ಸುಣ್ಣದ ಹರಳು ಬೆಳೆಯದಂತೆ ಅಡ್ಡ ನಿಲ್ಲುತ್ತದೆ, ಅದರ ಆಕಾರ ಕೆಡಿಸಿ ಗೋಡೆಗೆ ಅಂಟದಂತೆ ಮಾಡುತ್ತದೆ. ಅದಕ್ಕೂ ಒಂದು ಮಿತಿ ಇದೆ. ಆ ಮಿತಿ ದಾಟಿದ ನೀರಿಗೆ ಡಬಲ್ ಡೋಸ್ ಸುರಿದರೂ ಪ್ರಯೋಜನವಿಲ್ಲ. ನೀರು ಸುಣ್ಣ ಕಟ್ಟುವ ಕಡೆಗಿದೆಯೋ ಲೋಹ ತಿನ್ನುವ ಕಡೆಗಿದೆಯೋ ಎಂದು ಹೇಳುವ ಸೂಚ್ಯಂಕವನ್ನು ಲ್ಯಾಂಜೆಲಿಯರ್ 1936ರಲ್ಲೇ ಕೊಟ್ಟಿದ್ದಾರೆ. ಪಿಎಚ್, ಕ್ಯಾಲ್ಸಿಯಂ, ಆಲ್ಕಲಿನಿಟಿ, ಟಿಡಿಎಸ್, ಉಷ್ಣತೆ ಇದ್ದರೆ ಮೊಬೈಲಿನಲ್ಲೇ ಲೆಕ್ಕ ಹಾಕಬಹುದು. ಕೆಮಿಕಲ್ ಕೊಡುವವರ ಹತ್ತಿರ ಮಾತಾಡುವ ಮೊದಲು ಆ ಅಂಕಿ ಕೈಯಲ್ಲಿರಬೇಕು.

ಪಿಎಚ್ ಇಳಿಸಲು ಸಲ್ಫ್ಯೂರಿಕ್ ಆಮ್ಲದ ಡೋಸಿಂಗ್ ಹಾಕುವ ಸಲಹೆ ಬಂತು. ದೊಡ್ಡ ಕಾರ್ಖಾನೆಗಳು ಅದನ್ನೇ ಮಾಡುತ್ತವೆ. ನಾನು ಬೇಡವೆಂದೆ. ನಮ್ಮ ರಾತ್ರಿ ಪಾಳಿಯಲ್ಲಿ ಯುಟಿಲಿಟಿಗೆ ಒಬ್ಬ ಹುಡುಗನಿರುತ್ತಾನೆ. ಡೋಸಿಂಗ್ ಪಂಪ್ ಕೈಕೊಟ್ಟು ಆಮ್ಲ ಹೆಚ್ಚು ಬಿದ್ದರೆ ಒಂದೇ ರಾತ್ರಿಯಲ್ಲಿ ಪೈಪು ಹೋಗುತ್ತದೆ. ಆ ಹುಡುಗನ ಕೈಗೆ ಸಾಂದ್ರ ಆಮ್ಲದ ಕ್ಯಾನ್ ಕೊಡಲು ನನಗೆ ಧೈರ್ಯವಿಲ್ಲ. ಪೈಪಿನ ಮೇಲೆ ಕಟ್ಟುವ ಮ್ಯಾಗ್ನೆಟ್ ಮಾರುವವರೂ ಬಂದರು. ನಾನು ಕೇಳಿದ್ದು ಒಂದೇ: ನಮ್ಮ ಟವರಿಗೆ ಹಾಕಿ ತೋರಿಸಿ, ಕ್ಯಾಲ್ಸಿಯಂ ಪಟ್ಟು ಕ್ಲೋರೈಡ್ ಪಟ್ಟಿಗೆ ಹತ್ತಿರ ಬಂದರೆ ಆ ದಿನವೇ ಚೆಕ್ಕು. ಅವರು ಮತ್ತೆ ಬರಲಿಲ್ಲ.

ಮೋಲ್ಡುಗಳನ್ನು ಟವರಿನ ನೀರಿನಿಂದ ಪೂರ್ತಿ ಬಿಡಿಸಿದೆವು. ಈಗ ಅವುಗಳದು ಬೇರೆಯೇ ಮುಚ್ಚಿದ ಸುತ್ತು. ಸಾಫ್ಟ್ ನೀರು, ತುಕ್ಕು ತಡೆಯುವ ನೈಟ್ರೈಟ್, ನಡುವೆ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್. ಅಲ್ಲಿ ಆವಿಯೇ ಆಗದ್ದರಿಂದ ದಟ್ಟಣೆಯ ಪ್ರಶ್ನೆಯಿಲ್ಲ. ಸುಣ್ಣ ಕಟ್ಟಿದರೂ ತೊಳೆಯಬೇಕಾದದ್ದು ಬಿಚ್ಚಲು ಬರುವ ಒಂದು ಎಕ್ಸ್‌ಚೇಂಜರನ್ನು, ನಲವತ್ತು ಮೋಲ್ಡುಗಳನ್ನಲ್ಲ. ನಾವು ಮಾಡಿದ್ದರಲ್ಲಿ ಹೆಚ್ಚು ದುಡ್ಡು ಹಿಡಿದ ಕೆಲಸ ಇದೇ. ಕಾರ್ಖಾನೆ ಕಟ್ಟುವಾಗಲೇ ಮಾಡಿದ್ದರೆ ಅರ್ಧದಲ್ಲಿ ಮುಗಿಯುತ್ತಿತ್ತು.

ಬ್ಲೋಡೌನ್ ಈಗ ಕೈಯಿಂದ ತಿರುಗಿಸುವ ವಾಲ್ವಲ್ಲ. ನೀರಿನ ಕಂಡಕ್ಟಿವಿಟಿ (ಉಪ್ಪು ಹೆಚ್ಚಿದಂತೆ ಏರುವ ವಿದ್ಯುತ್ ವಾಹಕತೆ) ನೋಡಿ ತಾನೇ ತೆರೆಯುವ ಸೊಲೆನಾಯ್ಡ್ ವಾಲ್ವು. ಒಳಗೆ ಬರುವ ನೀರಿಗೊಂದು, ಹೊರಗೆ ಹೋಗುವ ನೀರಿಗೊಂದು ಮೀಟರು. ಸೋಮವಾರ ಮತ್ತು ಶುಕ್ರವಾರ ಇಬ್ಬರು ಹುಡುಗರು ಟೈಟ್ರೇಷನ್ ಮಾಡಿ ರಿಜಿಸ್ಟರಿನಲ್ಲಿ ಎರಡೇ ಅಂಕಿ ಬರೆಯುತ್ತಾರೆ: ಕ್ಲೋರೈಡ್ ಎಷ್ಟು ಪಟ್ಟು, ಕ್ಯಾಲ್ಸಿಯಂ ಎಷ್ಟು ಪಟ್ಟು. ಮೇ ಕೊನೆಯಲ್ಲಿ ಕ್ಲೋರೈಡ್ 4.0 ಇದ್ದಾಗ ಕ್ಯಾಲ್ಸಿಯಂ 3.8 ಇತ್ತು. ಅಷ್ಟು ವ್ಯತ್ಯಾಸ ಬ್ಯುರೆಟ್ ಓದುವುದರಲ್ಲೇ ಬರುತ್ತದೆ. ಏಳನೇ ಮಷಿನಿನ ಆಯಿಲ್ 46 ಡಿಗ್ರಿ, ಪೀಸಿಗೆ 39 ಸೆಕೆಂಡು.

ಜೂನ್ ಮೂರನೇ ವಾರ ಮಳೆ ಹಿಡಿಯಿತು, ಟ್ಯಾಂಕರ್ ನಿಂತಿತು. ಅಂದು ಬೆಳಿಗ್ಗೆ ಕಾಕಾ ಛತ್ರಿ ಮಡಿಸುತ್ತ ನೇರ ಪಂಪ್ ರೂಮಿಗೆ ಬಂದರು.

"ಸಾಹೇಬ್ರ, ನೀರ ಬದ್ಲಾತು. ಸೆಟ್ಟಿಂಗ್ ಬ್ಯಾಸಿಗೀದೇ ಅದ."

ಬೋರ್ ಬೆರೆತ ಮಿಶ್ರ ನೀರಿಗೆ ಹೊಂದಿಸಿದ ಕಂಡಕ್ಟಿವಿಟಿ ಅಂಕಿ ಹಾಗೇ ಇದ್ದಿದ್ದರೆ, ಉಪ್ಪು ಕಡಿಮೆ ಇರುವ ನದಿ ನೀರು ಹತ್ತಕ್ಕೂ ಹೆಚ್ಚು ಪಟ್ಟು ದಟ್ಟವಾಗುವವರೆಗೆ ಸೊಲೆನಾಯ್ಡ್ ತೆರೆಯುತ್ತಿರಲಿಲ್ಲ. ಅಂಕಿ ಇಳಿಸಿದೆವು, ಡೋಸಿಂಗ್ ಪಂಪಿನ ಸ್ಟ್ರೋಕ್ ಕಡಿಮೆ ಮಾಡಿದೆವು. ನದಿ ನೀರಿಗೆ ಎಷ್ಟು, ಮಿಶ್ರ ನೀರಿಗೆ ಎಷ್ಟು ಎಂದು ಪ್ಯಾನಲಿನ ಬಾಗಿಲ ಮೇಲೆ ಕಾಕಾ ಅವರೇ ಆಯಿಲ್ ಪೇಂಟಿನಲ್ಲಿ ಬರೆದರು, ಎಡಕ್ಕೆ ಮರಾಠಿಯಲ್ಲಿ, ಬಲಕ್ಕೆ ಕನ್ನಡದಲ್ಲಿ.